ತಲೆಯ ಮೇಲಿನ ಸೆರಗು

"ಏಳಂಗಿಲ್ರಿ," ಎಂದಳು ಮಾಣಿಕಮ್ಮ. ಲಕ್ವಾ ಹೊಡೆದ ಅವಳ ಬಲಗೈ ತೊಡೆಯಿಂದ ಗೇಣಷ್ಟೂ ಮೇಲೇರಲಿಲ್ಲ. ಮನೆಮನೆಗೆ ಬಂದು ವ್ಯಾಯಾಮ ಮಾಡಿಸುವ ಮೆಹನಾಜ ತಲೆ ತಗ್ಗಿಸಿದಳು. ಈ ಭೇಟಿಗಳಿಂದ ರೋಗಿಗಳಿಗೆ ಎಷ್ಟು ಗುಣವಾಗುತ್ತದೆಂದು ಅಳೆಯಲು ಅವಳ ಜೊತೆ ನಿಂಬರ್ಗಾ ಊರಿಗೆ ಬಂದಿದ್ದ ಪ್ರಬುದ್ಧನ ಲೆಕ್ಕವೂ ಅದನ್ನೇ ಹೇಳುತ್ತಿತ್ತು: ಅವಳು ಹೆಚ್ಚು ಸಲ ಹೋದ ಮನೆಗಳಲ್ಲೇ ಚೇತರಿಕೆ ಕಡಿಮೆ. ಭೇಟಿಗಳನ್ನು ಇಳಿಸಬಹುದೆಂದು ಅವನು ವರದಿ ಬರೆಯುವವನಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಮಾಣಿಕಮ್ಮನ ಗಂಡನ ಅಣ್ಣ ಧರ್ಮಣ್ಣ ಒಳಗೆ ಬಂದ. ಅವಳ ಬಲಗೈ ತಟ್ಟನೆ ಮೇಲೆದ್ದು, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆಯಿತು.

ಧರ್ಮಣ್ಣ ಒಳಕೋಣೆಗೆ ಹೋದ. ಮಾಣಿಕಮ್ಮ ಎಡಗೈಯಿಂದ ಆ ಕೈಯನ್ನು ಹಿಡಿದು, ಬೇರೆ ಯಾರದೋ ಕೈಯೆಂಬಂತೆ ಮಡಿಲಿಗೆ ಇಳಿಸಿದಳು. "ಕೈ ಎದ್ದದಂತ ಬರಕೊಂಡ್ರ ಮೇಡಂ ಬರೂದು ಬಿಡ್ತಾರ್ರಿ. ಬಾಜೂ ಮನಿ ಶಮಶಾದಂದು ಹಂಗೇ ಆಯ್ತು. ನಮ್ಮ ಮನ್ಯಾಗ ಎಲ್ಲಾರೂ ಹೊಲಕ್ಕ ಹೋಗ್ತಾರ. ನನ್ನ ಕೂಡ ಕುಂತು ಮಾತಾಡವ್ರು ಇವರೊಬ್ಬರೇ."

ಪ್ರಬುದ್ಧ ಆ ಕೈಯನ್ನೇ ನೋಡುತ್ತ ಕುಳಿತ. ಭೇಟಿಯಿಂದ ಕೈಗೆ ಏನಾಯಿತೆಂದು ಅವನು ವರ್ಷವಿಡೀ ಅಳೆದಿದ್ದ. ಭೇಟಿಗಾಗಿ ಕೈ ಏನು ಮಾಡುತ್ತದೆಂದು ಅಳೆದಿರಲಿಲ್ಲ.

"ಕೈ ಎದ್ದ ಮ್ಯಾಲೂ ಮೇಡಂ ಬರಬೇಕಂತ ನಾ ಬರದ್ರ?" ಎಂದು ಕೇಳಿದ.

ಮಾಣಿಕಮ್ಮ ಮೆಹನಾಜಳ ಮುಖ ನೋಡಿದಳು. ಆಮೇಲೆ ಅವಳ ಬಲಗೈ ನಿಧಾನವಾಗಿ ಎದ್ದು, ಸರಿಯಾಗಿಯೇ ಇದ್ದ ಸೆರಗನ್ನು ಇನ್ನೊಮ್ಮೆ ಸರಿಪಡಿಸಿತು.