ಕಂಬಳಿ ಸುತ್ತಿದವಳು

ಉರಿಯುತ್ತಿದ್ದ ಮೇಣದಬತ್ತಿಯ ಮೇಲೆ ವರಲಕ್ಷ್ಮಿ ಮೇಡಂ ಗಾಜಿನ ಲೋಟ ಬೋರಲು ಹಾಕಿದಾಗ ಎಂಟನೇ ಕ್ಲಾಸಿನ ವಚನಾ ಉಸಿರು ಬಿಗಿಹಿಡಿದಳು. ಜ್ವಾಲೆ ಸಣ್ಣಗಾಯಿತು, ನಡುಗಿತು, ಆರಿಹೋಯಿತು.

"ಉರಿಯೋಕೆ ಆಕ್ಸಿಜನ್ ಬೇಕು. ಅದು ಸಿಗದಿದ್ರೆ ಬೆಂಕಿ ಆರುತ್ತೆ," ಎಂದರು ಮೇಡಂ.

ಹೋದ ವಾರ ಸುಂಕದಕಟ್ಟೆಯ ಮನೆಯಲ್ಲಿ ಗ್ಯಾಸ್ ಒಲೆಯ ಬೆಂಕಿ ಅಮ್ಮನ ಸೀರೆಗೆ ಹತ್ತಿದಾಗ, ವಚನಾ ಮಂಚದ ಮೇಲಿದ್ದ ಕಂಬಳಿ ತಂದು ಅಮ್ಮನನ್ನು ಸುತ್ತಿ ಹಿಡಿದಿದ್ದಳು. ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಳು. "ನೀರು ಹಾಕೋದು ಬಿಟ್ಟು ಕಂಬಳಿ ಸುತ್ತಿ ನನ್ನ ಮಗಳನ್ನ ಇನ್ನಷ್ಟು ಸುಟ್ಟೆ ಕಣೇ," ಎಂದು ಅಜ್ಜಿ ದಿನವೂ ಅಳುತ್ತಿದ್ದಳು. ಅಂದಿನಿಂದ ವಚನಾಳಿಗೆ ಊಟ ಸೇರುತ್ತಿರಲಿಲ್ಲ. ಆಸ್ಪತ್ರೆಗೆ ಹೋದರೂ ಅಮ್ಮನ ಮುಖ ನೋಡಲು ಹೆದರಿ ವಾರ್ಡಿನ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಈಗ ಕ್ಲಾಸಿನಲ್ಲಿ ಅವಳು ಎದ್ದು ನಿಂತಳು. "ಮೇಡಂ, ಬಟ್ಟೆಗೆ ಬೆಂಕಿ ಹತ್ತಿದಾಗ ಕಂಬಳಿ ಸುತ್ತಿದ್ರೂ ಹೀಗೇ ಆರುತ್ತಾ?"

"ಹೌದು ಕಣಮ್ಮ. ದಪ್ಪ ಕಂಬಳಿಯಿಂದ ಹಾಗೆ ಮಾಡಿದ್ರೆ ಜೀವ ಉಳಿಯುತ್ತೆ. ಯಾಕೆ?"

ವಚನಾ ಬೆಂಚು ಬಿಟ್ಟು ಮೇಡಂ ಹತ್ತಿರ ಬಂದಳು.

"ನಮ್ಮಜ್ಜಿಗೆ ಫೋನ್ ಮಾಡಿ ಇದನ್ನ ನೀವೇ ಒಂದ್ಸಲ ಹೇಳ್ತೀರಾ, ಮೇಡಂ?"