ಪಾದದಡಿಯ ಕಾರ್ಬನ್ ಅಟ್ಟೆ

ಅಟ್ಟೆಯೊಳಗೆ ಕಾರ್ಬನ್ ಪ್ಲೇಟ್ ಇರುವ ಒಂದು ಜೊತೆ ರನ್ನಿಂಗ್ ಶೂಗೆ ಇಪ್ಪತ್ತು ಸಾವಿರ ರೂಪಾಯಿ...

ವಾಸಣ್ಣನ ಒಂದು ತಿಂಗಳ ದುಡಿಮೆಯೂ ಹೆಚ್ಚುಕಮ್ಮಿ ಅಷ್ಟೇ.

ಆದರೆ ಅವನ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಕಾರ್ಬನ್ ಬಟ್ಟೆಯ ತುಂಡುಗಳಿಗೆ ಬೆಲೆಯೇ ಇರಲಿಲ್ಲ. ಡಬ್ಬದ ತಳದಲ್ಲಿ ಉಳಿದ ರೆಸಿನ್ ಅಂಟಂತೂ ಹೇಗಿದ್ದರೂ ಗಟ್ಟಿಯಾಗಿ ಹಾಳಾಗುವಂಥದ್ದು.

"ನಾನೇ ಯಾಕೆ ಮಾಡಬಾರದು?" ಅಂದುಕೊಂಡ ವಾಸಣ್ಣ.

ಗಂಗೊಳ್ಳಿ ಬಂದರಿನಲ್ಲಿ ಫೈಬರ್ ದೋಣಿ ಕಟ್ಟುವುದು, ಒಡೆದದ್ದನ್ನು ರಿಪೇರಿ ಮಾಡುವುದು ಅವನ ಕಸುಬು. ಮಗಳು ರಶ್ಮಿತಾ ಕಾಲೇಜಿನ ಓಟಗಾರ್ತಿ.

ಇನ್ನೊಂದು ತಿಂಗಳಿಗೆ ಆಯ್ಕೆ ಓಟ. ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು... ಊಟ, ತರಬೇತಿ, ಓದು ಎಲ್ಲವೂ ಅಲ್ಲೇ. ಅದನ್ನು ಹಾಕಿಕೊಂಡರೆ ವೇಗ ಹೆಚ್ಚುತ್ತದೆ ಎಂದು ಅವಳ ಓಟದ ಮೇಷ್ಟ್ರು ಮೊಬೈಲಿನಲ್ಲಿ ಆ ದುಬಾರಿ ಶೂ ತೋರಿಸಿದ್ದರು. ಅಂದಿನಿಂದ ವಾಸಣ್ಣನಿಗೆ ಅದೇ ಧ್ಯಾನ.

ಮಗಳ ಶೂ ಒಳಗಿನ ಮೆತ್ತನೆಯ ಅಟ್ಟೆಯನ್ನು ತೆಗೆದು ಅಳತೆ ಹಿಡಿದ. ಕಾರ್ಬನ್ ಬಟ್ಟೆ ಕತ್ತರಿಸಿ, ರೆಸಿನ್ ಸವರಿ, ಪದರದ ಮೇಲೆ ಪದರ ಕೂರಿಸಿದ. ದೋಣಿಯ ತಳಕ್ಕೆ ಹಾಕುವ ಹಾಗೆಯೇ...

ದೋಣಿ ಕಟ್ಟುವವನಿಗೆ ಗೊತ್ತಿರುವುದು ಒಂದೇ ಲೆಕ್ಕ. ಬಾಗದಿದ್ದರೆ ಒಳ್ಳೆಯದು. ಇನ್ನೂ ಗಟ್ಟಿಯಾದರೆ ಇನ್ನೂ ಒಳ್ಳೆಯದು.

ಒಣಗಿದ ಅಟ್ಟೆಯನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡಿ, ಬೆರಳ ಗೆಣ್ಣಿನಿಂದ ಕುಟ್ಟಿದ. ಟಣ್ ಎಂದಿತು. ವಾಸಣ್ಣನ ಮುಖ ಅರಳಿತು.

ಮರುದಿನ ಬೆಳಿಗ್ಗೆ ಅದನ್ನು ಹಾಕಿಕೊಂಡು ಓಡಿ ಬಂದ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ, "ಹ್ಯಾಂಗ್ ಇತ್ತ್ ಮಗಾ?"

"ಲಾಯ್ಕ್ ಇತ್ತ್ ಅಪ್ಪಯ್ಯ... ಕಾಲ್ ತನ್ನಷ್ಟಕ್ಕೇ ಓಡತ್ತ್!"

ಅಷ್ಟು ಸಾಕಾಯಿತು. ಬಂದರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಮೀನು ಹೊರುವವರಿಗೆ, ಐಸ್ ಗಾಡಿಯವನಿಗೆ, ಚಹಾದಂಗಡಿಯಲ್ಲಿ ಕೂತವರಿಗೆ... "ನಾ ಮಾಡಿದ್ರ ಮೇಲೆ ನನ್ ಮಗ್ಳ್ ಓಡತ್ತ್!"

ಒಂದು ದಿನ ದೋಣಿ ರಿಪೇರಿಗೆ ಬಂದ ಸುಬ್ಬಣ್ಣ ಆ ಮಾತು ಕೇಳಿ ನಕ್ಕ. ವಾಸಣ್ಣ ಕಟ್ಟಿದ ದೋಣಿಯಲ್ಲೇ ಮೀನು ಹಿಡಿಯುವ ಹಳೇ ಗೆಳೆಯ ಅವನು.

"ಹ್ವಾಯ್ ವಾಸಣ್ಣ, ದೋಣಿ ಆರೆ ಮೊದ್ಲ್ ನೀವೇ ಹತ್ತಿ ಕೂಕಂತ್ರಿ. ಈ ಶೂವಿಗೆ ಒಂದ್ ಸಲ ಆದ್ರೂ ಕಾಲ್ ಹಾಕಿ ಕಂಡ್ರ್ಯಾ?"

ನಿಜ. ಅದು ವಾಸಣ್ಣನ ಶೆಡ್ಡಿನ ಪದ್ಧತಿ. ಹೊಸ ದೋಣಿ ನೀರಿಗಿಳಿದ ದಿನ ಕಟ್ಟಿದವನೇ ಮೊದಲು ಹತ್ತಬೇಕು, ಹೊಳೆ ಕಡಲು ಸೇರುವ ಅಳಿವೆ ದಾಟಿ ಬರಬೇಕು. ಆಮೇಲೆಯೇ ಅದು ಕೊಂಡವನ ಕೈಗೆ.

"ಕಾಣಿ ಹಂಗಾರೆ!" ಎಂದು ವಾಸಣ್ಣ ಹಟಕ್ಕೆ ಬಿದ್ದ. ತನ್ನ ಕಾಲಿನ ಅಳತೆಗೂ ಒಂದು ಜೊತೆ ಮಾಡಿದ. ಅಷ್ಟೇ ಪದರ, ಅದೇ ರೆಸಿನ್.

ಮರುದಿನ ಹಳೇ ಶೂವಿನೊಳಗೆ ಅದನ್ನಿಟ್ಟು, ಸುಬ್ಬಣ್ಣನ ಎದುರಿಗೇ ಬಂದರಿನ ರಸ್ತೆಯಲ್ಲಿ ಓಡಲು ಶುರು ಮಾಡಿದ.

ಕೂಗಳತೆಯ ಐಸ್ ಫ್ಯಾಕ್ಟರಿಯವರೆಗೂ ಹೋಗಲಾಗಲಿಲ್ಲ...

ಪಾದ ಬಾಗುತ್ತಲೇ ಇರಲಿಲ್ಲ. ಪ್ರತಿ ಹೆಜ್ಜೆಗೂ ಬೆರಳಿನ ಬುಡಕ್ಕೆ ಯಾರೋ ಹಲಗೆಯಿಂದ ಹೊಡೆದ ಹಾಗೆ. ಮೀನಖಂಡ ಸೆಟೆದುಕೊಂಡಿತು.

"ಎಂತ ವಾಸಣ್ಣ, ದೋಣಿ ಮುಳುಗ್ತಾ?" ಹಿಂದಿನಿಂದ ಸುಬ್ಬಣ್ಣ ಕೂಗಿದ.

ವಾಸಣ್ಣ ರಸ್ತೆ ಬದಿಯಲ್ಲೇ ಕೂತು ಶೂ ಬಿಚ್ಚಿದ.

ತನ್ನಿಂದ ಇಷ್ಟು ದೂರವೂ ಓಡಲಾಗದ ಅಟ್ಟೆಯ ಮೇಲೆ ಮಗಳು ದಿನಾ ಬೆಳಿಗ್ಗೆ ಮೈಲುಗಟ್ಟಲೆ ಓಡುತ್ತಿದ್ದಾಳೆ... ಬಂದು "ಲಾಯ್ಕ್ ಇತ್ತ್" ಅನ್ನುತ್ತಿದ್ದಾಳೆ.

ಶೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಓಡಿದ.

ರಶ್ಮಿತಾ ಹಿತ್ತಿಲ ಬಾಗಿಲಲ್ಲಿ ಬಕೆಟ್ಟಿನ ತಣ್ಣೀರಿನಲ್ಲಿ ಕಾಲು ಅದ್ದಿ ಕೂತಿದ್ದಳು. ಅಪ್ಪನನ್ನು ಕಂಡವಳೇ ಗಡಬಡಿಸಿ ಕಾಲನ್ನು ಲಂಗದಡಿ ಎಳೆದುಕೊಂಡಳು.

ವಾಸಣ್ಣ ಅವಳ ಎದುರು ನೆಲದ ಮೇಲೆ ಕೂತು ಆ ಪಾದವನ್ನು ಕೈಗೆ ತೆಗೆದುಕೊಂಡ. ಬಾತು ಕೆಂಪಾಗಿತ್ತು.

"ಎಂತಕ್ಕೆ ಹೇಳ್ಲಿಲ್ಲ ಮಗಾ?"

ಅವಳು ಅಪ್ಪನ ಅಂಗೈಯನ್ನು ತಿರುಗಿಸಿ ನೋಡಿದಳು.

"ಹ್ಯಾಂಗ್ ಹೇಳೂದ್ ಅಪ್ಪಯ್ಯ? ಬಂದರಲ್ಲಿ ಎಲ್ಲರ ಹತ್ರನೂ ಹೇಳ್ಕಂಡ್ ಬಂದಿರಿ... ಉಜ್ಜಿ ಉಜ್ಜಿ ನಿಮ್ ಕೈಯೆಲ್ಲ ತುರಿಸಿ ಗಾಯ ಆಯಿತ್. ಅದನ್ ಕಂಡ್ ನಂಗೆ ಬಾಯೇ ಬರ್ಲಿಲ್ಲ."

ವಾಸಣ್ಣ ತಲೆ ತಗ್ಗಿಸಿದ. ಅವನ ಕಣ್ಣಿನ ನೀರು ಆ ಪಾದದ ಮೇಲೆ ಬಿತ್ತು.

ಎಕ್ಸ್‌ರೇಯಲ್ಲಿ ಪಾದದ ಮೂಳೆಗೆ ಸಣ್ಣ ಬಿರುಕು ಕಂಡಿತು. ಎಷ್ಟೋ ದೋಣಿಗಳ ಬಿರುಕನ್ನು ಗುರುತೂ ಕಾಣದ ಹಾಗೆ ಮುಚ್ಚಿದ್ದ ಕೈ ಅವನದು. ಇದೊಂದನ್ನು ಮುಚ್ಚುವುದು ಅವನಿಂದಾಗದು.

ಆಯ್ಕೆ ಓಟ ಅವಳಿಲ್ಲದೆ ನಡೆಯಿತು. ಹಾಸ್ಟೆಲಿನ ಸೀಟು ಬೇರೆ ಹುಡುಗಿಗೆ ಹೋಯಿತು.

ಮೂಳೆ ಕೂಡಿ, ಡಾಕ್ಟರು ಓಡಬಹುದು ಎಂದ ಮೇಲೆ ಅಪ್ಪ ಮಗಳು ಮತ್ತೆ ಶೆಡ್ಡಿನಲ್ಲಿ ಕೂತರು. ಈ ಸಲ ತೆಳುವಾದ, ಬಾಗುವ ಅಟ್ಟೆ. ಮೊದಲು ವಾಸಣ್ಣ ಹಾಕಿಕೊಂಡು ಓಡುತ್ತಿದ್ದ, ಆಮೇಲೆ ರಶ್ಮಿತಾ.

"ಮೊದ್ಲ್ ಎಂತ ಸರಿ ಇಲ್ಲೆ, ಅದನ್ ಹೇಳ್" ಅನ್ನುತ್ತಿದ್ದ ವಾಸಣ್ಣ.

"ಇದ್ ಬೇಡ ಅಪ್ಪಯ್ಯ, ಹಿಮ್ಮಡಿ ಕಚ್ಚತ್ತ್."

"ಬಿಸಾಡ್ ಅತ್ಲಾಗೆ!"

ಹಾಗೆ ಬಿಸಾಡಿದ ಜೊತೆಗಳೇ ಒಂದು ಬುಟ್ಟಿಯಾದವು. ಕೊನೆಗೆ ಅವಳು ಆರಿಸಿದ್ದು ಶೂ ಜೊತೆ ಅಂಗಡಿಯಿಂದ ಬಂದಿದ್ದ ಹಳೇ ಮೆತ್ತನೆಯ ಅಟ್ಟೆಯನ್ನೇ...

ವಾಸಣ್ಣ ಹೊಟ್ಟೆ ತುಂಬ ನಕ್ಕ. ಬಂದರಿನಲ್ಲಿ ಅದನ್ನೂ ತಾನೇ ಎಲ್ಲರಿಗೂ ಹೇಳಿದ.

ಆ ವರ್ಷದ ಓಟ ಹೋಯಿತು. ಸೀಟು ಹೋಯಿತು. ನೋವಾದರೆ ನೋವು ಎಂದು ಅಪ್ಪನ ಮುಖ ನೋಡಿ ಹೇಳುವ ಮಗಳು ಸಿಕ್ಕಿದಳು.

*ಪ್ರೀತಿಯಿಂದ ಮಾಡಿದ್ದಾದರೂ, ಇನ್ನೊಬ್ಬರ ಕಾಲಿಗೆ ತೊಡಿಸುವ ಮೊದಲು ನಮ್ಮ ಕಾಲಿಗೆ ಹಾಕಿ ನೋಡಬೇಕು.*

ನಿಮ್ಮ ಮನೆಯಲ್ಲೂ "ಚೆನ್ನಾಗಿದೆ" ಎಂದು ನಗುತ್ತಾ ಯಾರೋ ಓಡುತ್ತಿರಬಹುದು... ಅವರ ಪಾದವನ್ನು ನೀವು ಕೈಗೆ ತೆಗೆದುಕೊಂಡು ನೋಡಿದ್ದು ಯಾವಾಗ?