ಅದಕ್ಕೂ ಮೂಲ

ಮುಕ್ತ ತಂತ್ರಾಂಶವೆಂದರೆ ವಾಮನಮೂರ್ತಿಗಳಿಗೆ ಪ್ರಾಣ. ಮೂಲ ಕೋಡನ್ನು ಯಾರಿಗೂ ತೋರಿಸದ ‘ಕ್ಲೋಸ್ಡ್ ಸೋರ್ಸ್’ ಕಂಪನಿಗಳನ್ನೂ ಜಾತಿಯ ಹೆಸರಲ್ಲಿ ಓಟು ಕೇಳುವ ಪಕ್ಷಗಳನ್ನೂ ಅವರು ಬೆಳಗಿನ ಕಾಫಿಯ ಜೊತೆಗೇ ಫೇಸ್‌ಬುಕ್ಕಿನಲ್ಲಿ ಹಿಗ್ಗಾಮುಗ್ಗಾ ಝಾಡಿಸುತ್ತಿದ್ದರು. ಹಾಗಾಗಿ ಮಹಡಿ ಮನೆಯನ್ನು ಬಾಡಿಗೆಗೆ ಕೇಳಲು ಬಂದ ಹುಡುಗಿಯ ಲ್ಯಾಪ್‌ಟಾಪಿನ ಮೇಲೆ ಮುಕ್ತ ತಂತ್ರಾಂಶವಾದ ಲಿನಕ್ಸಿನ ಪೆಂಗ್ವಿನ್ ಚಿತ್ರ ಕಂಡದ್ದೇ ತಡ, ಅವರ ಮುಖ ಊರಗಲವಾಯಿತು.

“ನೀವೂ ನಮ್ಮವರೇ ಅನ್ನಿ!”

“ಕಾಲೇಜಿನಿಂದ್ಲೂ ಲಿನಕ್ಸೇ ಸಾರ್. ನಿಮ್ಮ ಪೋಸ್ಟೆಲ್ಲ ಓದ್ತೀನಿ. ಅರ್ಜೀಲಿ ಜಾತಿ ಕಾಲಮ್ಮೇ ಇರಬಾರ್ದು ಅಂತ ಬರೆದಿದ್ರಲ್ಲ, ಅದನ್ನ ಎಲ್ರಿಗೂ ಕಳಿಸಿದ್ದೆ.”

ಮೂರ್ತಿಗಳು ಹಿಗ್ಗಿ ಹೀರೇಕಾಯಿಯಾದರು. ಒಳಗಿನಿಂದ ಕಾಫಿಯೂ ಬಂತು. ಮನೆಯ ಬೀಗದ ಕೈಯನ್ನು ಅವಳ ಕೈಗಿಡಲು ಹೋದವರು ಅರೆಗಳಿಗೆ ತಡೆದರು.

“ಅಂದ ಹಾಗೆ, ನಿಮ್ಮ ಮೂಲ ಯಾವ ಕಡೆಯಮ್ಮ?”

“ಚಿತ್ರದುರ್ಗ ಸಾರ್.”

“ಅದು ಊರಾಯ್ತು. ಅದಕ್ಕೂ ಮೂಲ?”

“ಅಜ್ಜಿ ಊರು ಹೊಳಲ್ಕೆರೆ.”

“ಛೆ, ಊರಲ್ಲಮ್ಮ. ಅಂದ್ರೆ, ನೀವು... ನಿಮ್ಮಲ್ಲಿ... ತಪ್ಪು ತಿಳ್ಕೋಬೇಡಿ, ನಾನು ಅದನ್ನೆಲ್ಲ ನಂಬೋನಲ್ಲ. ನಮ್ಮನೇಲಿ ಕೇಳ್ತಾರೆ, ಅದಕ್ಕೆ.”

“ನಾನ್ಯಾವಾಗ ಕೇಳ್ದೆ?” ಎಂದಿತು ಅಡುಗೆಮನೆಯ ದನಿ.

ಹುಡುಗಿ ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿ ಎದ್ದು ನಿಂತಳು.

“ಅದೊಂದು ಮಾತ್ರ ಕ್ಲೋಸ್ಡ್ ಸೋರ್ಸ್ ಸಾರ್.”